ರಿಲೇ ಬೋರ್ಡ್ ಮಾತು ಕೇಳದಿದ್ದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬೆಂಗಳೂರಿನ ಸ್ವಂತ ಮನೆಗಳಲ್ಲಿ ಮೈಕ್ರೋಕಂಟ್ರೋಲರ್ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಹಿಡಿದವರ ಮೊದಲ ಆಸೆ ಬಹುಮಟ್ಟಿಗೆ ಒಂದೇ. ಸಂಪಿನ ಮೋಟಾರು ತಾನಾಗಿ ಆನ್ ಆಗಬೇಕು, ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಆಫ್ ಆಗಬೇಕು. ಕಾವೇರಿ ನೀರು ಬರುವ ಹೊತ್ತು ನಮ್ಮ ಅನುಕೂಲದ ಹೊತ್ತಲ್ಲ. ಟ್ಯಾಂಕ್ ಉಕ್ಕಿ ಪಕ್ಕದ ಮನೆಯ ಗೋಡೆ ನೆನೆದರೆ ಆ ಮನೆಯವರ ಮಾತು ಬೇರೆ ಕೇಳಬೇಕು. ಹಾಗಾಗಿ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಯ ಒಂದು ಸುತ್ತು ಹಾಕಿ, ನೀಲಿ ಡಬ್ಬಿಗಳು ಸಾಲಾಗಿ ಕೂತ ರಿಲೇ ಬೋರ್ಡನ್ನೂ (ರಿಲೇ ಎಂದರೆ ಸಣ್ಣ ಸಿಗ್ನಲಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್) ಒಂದು ಆರ್ಡುಯಿನೋ ಅಥವಾ ಇಎಸ್‌ಪಿ32 ಬೋರ್ಡನ್ನೂ ತರುತ್ತಾರೆ. ಜೋಡಿಸಿದರೆ ಸದ್ದೇ ಇಲ್ಲ. ಅಥವಾ ಸದ್ದಿದೆ, ಕೆಲಸವಿಲ್ಲ.

ಆಗ ಹೆಚ್ಚಿನವರು ಮೊದಲು ಕೈ ಹಾಕುವುದು ಪ್ರೋಗ್ರಾಮಿಗೆ. ಸಡಿಲವಾಗಿರುವುದು ಗ್ರೌಂಡ್ ವೈರು, ತಿದ್ದುವುದು ಕೋಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ರಿಲೇ ಬೋರ್ಡ್ ತನ್ನ ತೊಂದರೆ ಎಲ್ಲಿದೆ ಎಂಬುದನ್ನು ತಾನೇ ಹೇಳುತ್ತದೆ. ಅದರ ಮೇಲಿರುವ ಪುಟ್ಟ ಎಲ್‌ಇಡಿ ಹತ್ತಿತೇ, ‘ಟಕ್’ ಎಂಬ ಸದ್ದು ಬಂತೇ, ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ದೋಷದ ಜಾಗ ಮುಕ್ಕಾಲು ಪಾಲು ಗೊತ್ತಾದಂತೆಯೇ.

ಏಕೆಂದರೆ ಬೋರ್ಡಿನೊಳಗೆ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ 5 ವೋಲ್ಟಿನ, ಆಪ್ಟೋಕಪ್ಲರ್ (ಸಿಗ್ನಲನ್ನು ವೈರಿನ ಬದಲು ಬೆಳಕಿನ ಮೂಲಕ ದಾಟಿಸುವ ಚಿಪ್) ಇರುವ ಬೋರ್ಡನ್ನೇ ತೆಗೆದುಕೊಳ್ಳಿ. ಕಂಟ್ರೋಲರಿನ ಆಜ್ಞೆ ಬರುವ ಐಎನ್ ಪಿನ್ನನ್ನು ಗ್ರೌಂಡಿಗೆ, ಅಂದರೆ ಸಪ್ಲೈಯ ಮೈನಸ್ಸಿಗೆ ಎಳೆದಾಗ ವಿಸಿಸಿಯಿಂದ, ಅಂದರೆ ಪ್ಲಸ್ ಪಿನ್ನಿನಿಂದ ಹೊರಟ ಕರೆಂಟು 1 ಕಿಲೋಓಮ್ ರೆಸಿಸ್ಟರ್, ಆಪ್ಟೋಕಪ್ಲರಿನ ಒಳಗಿನ ಎಲ್‌ಇಡಿ, ಹೊರಗೆ ಕಾಣುವ ಎಲ್‌ಇಡಿ ಇವಿಷ್ಟನ್ನು ದಾಟಿ ಐಎನ್ ಪಿನ್ನಿಗೆ ಬರುತ್ತದೆ. ಪ್ರಮಾಣ ಸುಮಾರು 2 ಮಿಲಿಆಂಪಿಯರ್. ಆಪ್ಟೋಕಪ್ಲರ್ ಒಂದು ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ, ಆ ಟ್ರಾನ್ಸಿಸ್ಟರ್ ರಿಲೇಯ ಕಾಯಿಲಿಗೆ 70 ಮಿಲಿಆಂಪಿಯರಿನಷ್ಟು ಕರೆಂಟು ಬಿಡುತ್ತದೆ, ಕಾಯಿಲ್ ಒಳಗಿನ ಪಟ್ಟಿಯನ್ನು ಸೆಳೆದು ‘ಟಕ್’ ಎನ್ನುತ್ತದೆ. ಕೊನೆಯ ಹಂತದಲ್ಲಿ ಆ ಪಟ್ಟಿ ಕಾಂಟ್ಯಾಕ್ಟ್‌ಗಳನ್ನು ಕೂಡಿಸುತ್ತದೆ. ಎಲ್‌ಇಡಿ ಹತ್ತಿದರೆ ಮೊದಲ ಹಂತ ಸರಿ. ಸದ್ದು ಬಂದರೆ ಎರಡನೆಯದೂ ಸರಿ. ಸದ್ದು ಬಂದೂ ರಿಲೇಗೆ ಜೋಡಿಸಿದ ದೀಪ ಉರಿಯದಿದ್ದರೆ ತೊಂದರೆ ಸ್ಕ್ರೂ ಟರ್ಮಿನಲ್‌ಗಳ ಕಡೆಯದು. ಪ್ರೋಗ್ರಾಮನ್ನು ಅದರ ಪಾಡಿಗೆ ಬಿಡಿ.

ಶುರುವಿಗೆ ಮುನ್ನ: 230 ವೋಲ್ಟ್ ದೂರ ಇರಲಿ

ಮೇಜಿನ ಮೇಲಿನ ಪರೀಕ್ಷೆ ಮುಗಿಯುವವರೆಗೆ ಸ್ಕ್ರೂ ಟರ್ಮಿನಲ್‌ಗಳಲ್ಲಿ ಮನೆಯ ಕರೆಂಟಿನ ಒಂದು ವೈರೂ ಇರಬಾರದು. ಇದನ್ನು ಸಲಹೆ ಎಂದಲ್ಲ, ನಿಯಮ ಎಂದೇ ಓದಿಕೊಳ್ಳಿ. ಬೋರ್ಡನ್ನು ಮಗುಚಿ ನೋಡಿದರೆ ಕಾರಣ ಕಾಣುತ್ತದೆ: 230 ವೋಲ್ಟಿನ ಬೆಸುಗೆ ಚುಕ್ಕೆಗಳೂ 5 ವೋಲ್ಟಿನವೂ ಕೆಲವೇ ಮಿಲಿಮೀಟರ್ ಅಂತರದಲ್ಲಿ, ಯಾವ ಹೊದಿಕೆಯೂ ಇಲ್ಲದೆ ಕೂತಿವೆ. ಲೋಹದ ಮೇಜಿನ ಮೇಲೋ ಬಿದ್ದಿರುವ ಸ್ಕ್ರೂಡ್ರೈವರ್ ಮೇಲೋ ಬೋರ್ಡ್ ಇಟ್ಟರೆ ಆ ಅಂತರವೂ ಉಳಿಯುವುದಿಲ್ಲ.

ಈಗಾಗಲೇ ಗೋಡೆಗೆ ಕೂರಿಸಿದ ಬೋರ್ಡಾದರೆ ಎಂಸಿಬಿ ಇಳಿಸಿಯೇ ವೈರು ಬಿಚ್ಚಿ. ಕರೆಂಟು ಹೋಗಿದೆ ಎಂಬ ಧೈರ್ಯದಲ್ಲಿ ಕೈ ಹಾಕಬೇಡಿ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಯುಪಿಎಸ್ ಇದೆ. ಬೀದಿಯೆಲ್ಲ ಕತ್ತಲಾದಾಗಲೂ ಆ ಲೈನಿನಲ್ಲಿ ಪೂರ್ತಿ ಕರೆಂಟು ಇರುತ್ತದೆ, ಮತ್ತು ಯಾವ ಸ್ವಿಚ್ ಯಾವ ಲೈನಿನಲ್ಲಿದೆ ಎಂಬುದು ಮನೆ ಕಟ್ಟಿಸಿದವರಿಗೂ ನೆನಪಿರುವುದಿಲ್ಲ. ನಿಯಾನ್ ಟೆಸ್ಟರ್ ಮಿನುಗಲಿಲ್ಲ ಎಂಬುದೂ ಸಾಲದು. ಒಣಗಿದ ಮರದ ಸ್ಟೂಲಿನ ಮೇಲೆ ದಪ್ಪ ಚಪ್ಪಲಿ ಹಾಕಿ ನಿಂತರೆ ಜೀವಂತ ವೈರಿನಲ್ಲೂ ಅದು ಸರಿಯಾಗಿ ಹತ್ತದಿರಬಹುದು. ಮಲ್ಟಿಮೀಟರನ್ನು ಎಸಿ 600 ಅಥವಾ 750 ವೋಲ್ಟಿಗೆ ತಿರುಗಿಸಿ, ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಅಳೆದು ಮೀಟರ್ ಸರಿ ಇದೆ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ನಿಮ್ಮ ವೈರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ತ್ ನಡುವೆ ಅಳೆಯಿರಿ.

ಸಾಮಾನು ಹೆಚ್ಚು ಬೇಡ. ಒಂದು ಸಾಧಾರಣ ಮಲ್ಟಿಮೀಟರ್, ನಾಲ್ಕು ಜಂಪರ್ ವೈರು, 5 ವೋಲ್ಟ್ 2 ಆಂಪಿಯರಿನ ಒಂದು ಅಡಾಪ್ಟರ್ ಸಾಕು.

ಎಲ್‌ಇಡಿಯೂ ಇಲ್ಲ, ಸದ್ದೂ ಇಲ್ಲ

ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ರಿಲೇ ಬೋರ್ಡಿನ ಗ್ರೌಂಡ್ ಪಿನ್ನಿಗೂ ಕೆಂಪನ್ನು ವಿಸಿಸಿಗೂ ತಾಗಿಸಿ. ರಿಲೇ ಬೋರ್ಡಿನ ಮೇಲೆಯೇ ಅಳೆಯಬೇಕು, ಕಂಟ್ರೋಲರಿನ ಮೇಲಲ್ಲ. ಅಲ್ಲಿ 5 ವೋಲ್ಟ್ ಇದ್ದು ಇಲ್ಲಿ ಇಲ್ಲದಿದ್ದರೆ ನಡುವಿನ ವೈರೇ ಕಳ್ಳ.

ಈ ಜಂಪರ್ ವೈರುಗಳ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಬಣ್ಣಬಣ್ಣದ ಪಟ್ಟಿಯಾಗಿ ಸಿಗುವ ಇವುಗಳ ತುದಿಯ ಕರಿ ಪ್ಲಾಸ್ಟಿಕ್ ತೊಟ್ಟಿಯೊಳಗೆ ಒಂದು ತೆಳು ಲೋಹದ ಹಿಡಿ ಇರುತ್ತದೆ. ವೈರಿನ ಎಳೆಗಳನ್ನು ಆ ಹಿಡಿ ಕಚ್ಚಿಕೊಂಡಿರಬೇಕು. ಅಗ್ಗದ ವೈರಿನಲ್ಲಿ ಅದು ಬರೀ ಮೇಲಿನ ಪ್ಲಾಸ್ಟಿಕ್ಕನ್ನು ಕಚ್ಚಿರುತ್ತದೆ. ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ, ಬೆರಳಲ್ಲಿ ಅಲ್ಲಾಡಿಸಿದಾಗ ಮಾತ್ರ ಕರೆಂಟು ಬಂದು ಹೋಗಿ ಆಟ ಆಡುತ್ತದೆ. ಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಎರಡೂ ತುದಿಗೆ ಕಡ್ಡಿ ತಾಗಿಸಿಕೊಂಡೇ ವೈರನ್ನು ಬಗ್ಗಿಸಿ ನೋಡಿ. ಬೀಪ್ ತುಂಡುತುಂಡಾಗಿ ಬಂದರೆ ಆ ವೈರನ್ನು ಕತ್ತರಿಸಿ ಕಸಕ್ಕೆ ಹಾಕಿ. ಪೆಟ್ಟಿಗೆಗೆ ವಾಪಸ್ ಹಾಕಿದರೆ ಮುಂದಿನ ತಿಂಗಳು ಅದೇ ವೈರು ಮತ್ತೆ ಕೈಗೆ ಬರುತ್ತದೆ. ಅಯಸ್ಕಾಂತ ಹಿಡಿದಾಗ ಎಳೆಗಳು ಅಂಟಿಕೊಂಡರೆ ಅದರಲ್ಲಿ ತಾಮ್ರಕ್ಕಿಂತ ಉಕ್ಕೇ ಹೆಚ್ಚು. ಸಿಗ್ನಲಿಗೆ ಹೇಗೋ ನಡೆದೀತು, ಕಾಯಿಲಿನ ಸಪ್ಲೈಗೆ ಬೇಡ. ಉದ್ದನೆಯ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರು ಚುಚ್ಚುವ ತೂತುಗಳ ಹಲಗೆ) ಬಳಸಿದ್ದರೆ ಅಂಚಿನ ಕೆಂಪು-ನೀಲಿ ಸಾಲುಗಳು ಮಧ್ಯದಲ್ಲಿ ತುಂಡಾಗಿವೆಯೇ ಎಂದೂ ನೋಡಿ. ಗೆರೆ ಅರ್ಧಕ್ಕೆ ನಿಂತಿದ್ದರೆ ಕರೆಂಟೂ ಅಲ್ಲಿಗೇ ನಿಂತಿದೆ.

ವಿಸಿಸಿಯಲ್ಲಿ 5 ವೋಲ್ಟ್ ಸರಿಯಾಗಿದೆ ಎಂದಾದರೆ ಕಂಟ್ರೋಲರನ್ನು ಪಕ್ಕಕ್ಕಿಡುವ ಹೊತ್ತು. ಐಎನ್1ರ ವೈರು ಕಿತ್ತು, ಆ ಪಿನ್ನಿಗೆ ಇನ್ನೊಂದು ವೈರು ಚುಚ್ಚಿ, ಅದರ ಮತ್ತೊಂದು ತುದಿಯನ್ನು ಗ್ರೌಂಡಿಗೆ ಮುಟ್ಟಿಸಿ. ಎಲ್‌ಇಡಿ ಹತ್ತಿ ‘ಟಕ್’ ಎಂದರೆ ರಿಲೇ ಬೋರ್ಡ್ ಆರೋಗ್ಯವಾಗಿದೆ. ಈ ಒಂದು ಪರೀಕ್ಷೆ ಇಡೀ ಹುಡುಕಾಟವನ್ನು ಎರಡು ಹೋಳು ಮಾಡುತ್ತದೆ. ಇದನ್ನು ಮಾಡದೆ ಹೊಸ ಬೋರ್ಡ್ ಕೊಳ್ಳಲು ಹೊರಡುವವರಿಗೆ ಬಸ್ ಚಾರ್ಜೂ ದಂಡ. ಒಂದೇ ರಿಲೇ ಇರುವ ಕೆಲವು ಬೋರ್ಡುಗಳು ಪಿನ್ನಿನ ವೋಲ್ಟೇಜ್ ಮೇಲಕ್ಕೆ (ಹೈ) ಹೋದಾಗ ಆನ್ ಆಗುವ ಜಾತಿಯವು. ಅವುಗಳಲ್ಲಿ ಹೈ, ಲೋ ಆರಿಸುವ ಹಳದಿ ಜಂಪರ್ ಇರುತ್ತದೆ. ಅದು ಹೈ ಕಡೆಗಿದ್ದರೆ ಗ್ರೌಂಡಿನ ಬದಲು ವಿಸಿಸಿಗೆ ಮುಟ್ಟಿಸಿ ನೋಡಿ.

ಬೋರ್ಡ್ ಸರಿ ಇದ್ದು ಕಂಟ್ರೋಲರ್ ಕೂಡಿಸಿದಾಗ ಸುಮ್ಮನಾದರೆ ಪಿನ್ನಿನ ಆಯ್ಕೆ ನೋಡಿ. ಇಎಸ್‌ಪಿ32ರಲ್ಲಿ ಜಿಪಿಐಒ (ಚಿಪ್ಪಿನ ಲೆಕ್ಕದ ಪಿನ್ ಸಂಖ್ಯೆ) 34ರಿಂದ 39ರವರೆಗಿನವು ಇನ್‌ಪುಟ್‌ಗೆ ಮಾತ್ರ. ಪ್ರೋಗ್ರಾಮಿನಲ್ಲಿ ಅವನ್ನು ಔಟ್‌ಪುಟ್ ಎಂದು ಎಷ್ಟು ಸಾರಿ ಬರೆದರೂ ಒಂದು ಮಿಲಿಆಂಪಿಯರ್ ಕೂಡ ಹೊರಬರದು. 6ರಿಂದ 11ರವರೆಗಿನವು ಒಳಗಿನ ಫ್ಲ್ಯಾಶ್ ಮೆಮೊರಿಯ ಸ್ವತ್ತು, ಮುಟ್ಟಬಾರದು. ಇಎಸ್‌ಪಿ8266ರ ಬೋರ್ಡುಗಳಲ್ಲಿ ಅಚ್ಚಾಗಿರುವ ಸಂಖ್ಯೆಯೇ ಬೇರೆ, ಚಿಪ್ಪಿನ ಲೆಕ್ಕವೇ ಬೇರೆ: ಡಿ1 ಎಂದರೆ ಜಿಪಿಐಒ 5, ಡಿ2 ಎಂದರೆ ಜಿಪಿಐಒ 4. ಪ್ರೋಗ್ರಾಮಿನಲ್ಲಿ ಬರೀ 1 ಎಂದು ಬರೆದಿದ್ದರೆ ನೀವು ಆಡಿಸುತ್ತಿರುವುದು ಸೀರಿಯಲ್ ಸಂವಹನದ ಪಿನ್ನನ್ನು.

ಉಳಿದದ್ದು ಗ್ರೌಂಡ್. ಕಂಟ್ರೋಲರಿಗೆ ಲ್ಯಾಪ್‌ಟಾಪಿನಿಂದ, ರಿಲೇ ಬೋರ್ಡಿಗೆ ಬೇರೆ ಅಡಾಪ್ಟರಿನಿಂದ ಸಪ್ಲೈ ಕೊಟ್ಟು, ಇಬ್ಬರ ಗ್ರೌಂಡನ್ನು ಕೂಡಿಸದೆ ಬಿಟ್ಟರೆ ಐಎನ್ ಪಿನ್ನಿಗೆ ಬಂದ ಕರೆಂಟಿಗೆ ಹಿಂದಿರುಗುವ ದಾರಿಯೇ ಇಲ್ಲ. ಇದಕ್ಕೊಂದು ಅಪವಾದವಿದೆ. ಅದನ್ನು ಕಂಟ್ರೋಲರ್ ರೀಸೆಟ್ ಆಗುವ ಲಕ್ಷಣದ ಜೊತೆ ಹೇಳುತ್ತೇನೆ.

ಎಲ್‌ಇಡಿ ಹತ್ತುತ್ತದೆ, ಸದ್ದಿಲ್ಲ

ಮೊದಲ ಹಂತ ಸರಿ, ಕಾಯಿಲಿಗೆ ಶಕ್ತಿ ಸಾಲದು. ನೀಲಿ ಡಬ್ಬಿಯ ಮೇಲಿನ ಬರಹ ಓದಿ. ಎಸ್‌ಆರ್‌ಡಿ-05ವಿಡಿಸಿ ಎಂದಿದ್ದರೆ 5 ವೋಲ್ಟಿನ ರಿಲೇ, 12ವಿಡಿಸಿ ಎಂದಿದ್ದರೆ 12 ವೋಲ್ಟಿನದು. ಎರಡೂ ನೋಟಕ್ಕೆ ಅವಳಿಜವಳಿ. ಅಂಗಡಿಯ ಗಡಿಬಿಡಿಯಲ್ಲಿ ಐದು ಕೇಳಿದವರ ಕೈಗೆ ಹನ್ನೆರಡು ಬರುವುದು ಅಪರೂಪವೇನಲ್ಲ. 12 ವೋಲ್ಟಿನದಕ್ಕೆ 5 ವೋಲ್ಟ್ ಕೊಟ್ಟರೆ ಎಲ್‌ಇಡಿ ಹತ್ತೀತು, ಪಟ್ಟಿ ಅಲುಗದು.

ಬರಹ ಸರಿ ಇದ್ದರೆ ಜೆಡಿ-ವಿಸಿಸಿ ಎಂದು ಬರೆದ ಪಿನ್ನಿನ ಕಡೆ ನೋಡಿ. ವಿಸಿಸಿಗೂ ಅದಕ್ಕೂ ಸೇರಿಸಿ ಒಂದು ಪುಟ್ಟ ಜಂಪರ್ ಟೋಪಿ ತೊಡಿಸಿರುತ್ತಾರೆ. ವಿಸಿಸಿ ಆಪ್ಟೋಕಪ್ಲರಿಗೆ, ಜೆಡಿ-ವಿಸಿಸಿ ಕಾಯಿಲಿಗೆ. ಟೋಪಿ ಬಿದ್ದುಹೋಗಿದ್ದರೆ ಕಾಯಿಲಿಗೆ ಅನ್ನವೇ ಇಲ್ಲ. ಟೋಪಿ ಇದೆ ಎಂದಾದರೆ ರಿಲೇ ಆನ್ ಆಗಬೇಕಾದ ಕ್ಷಣದಲ್ಲಿ ಜೆಡಿ-ವಿಸಿಸಿಯ ವೋಲ್ಟೇಜ್ ಅಳೆಯಿರಿ. ಈ ರಿಲೇಗಳಿಗೆ ಪಟ್ಟಿ ಸೆಳೆಯಲು ನಮೂದಿಸಿದ ವೋಲ್ಟೇಜಿನ 75 ಶೇಕಡಾ ಬೇಕು, ಅಂದರೆ 3.75 ವೋಲ್ಟ್. ಇಎಸ್‌ಪಿ32ರ 3.3 ವೋಲ್ಟ್ ಪಿನ್ನಿನಿಂದ ಕಾಯಿಲನ್ನು ನಡೆಸಲು ಹೊರಟವರ ಬೋರ್ಡ್ ಮೌನವಾಗಿರುವುದು ಇದೇ ಕಾರಣಕ್ಕೆ.

ವೋಲ್ಟೇಜ್ ಸರಿಯಾಗಿದ್ದೂ ಸದ್ದಿಲ್ಲದಿದ್ದರೆ ಸಪ್ಲೈ ಕಿತ್ತು, ಬೋರ್ಡಿನ ತಳದಲ್ಲಿ ಕಾಯಿಲಿನ ಎರಡು ಬೆಸುಗೆ ಚುಕ್ಕೆಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಕಾಯಿಲಿಗೆ ಅಡ್ಡವಾಗಿ ಒಂದು ಡಯೋಡ್ ಇರುವುದರಿಂದ ಕಡ್ಡಿಗಳನ್ನು ಅದಲುಬದಲು ಮಾಡಿಯೂ ನೋಡಿ. 5 ವೋಲ್ಟಿನದಕ್ಕೆ 70 ಓಮ್ ಆಸುಪಾಸು, 12 ವೋಲ್ಟಿನದಕ್ಕೆ 400 ಓಮ್ ಆಸುಪಾಸು ತೋರಬೇಕು. ಅನಂತ ತೋರಿಸಿದರೆ ಕಾಯಿಲ್ ಕಡಿದಿದೆ. ಕಾಯಿಲ್ ಸರಿ ಇದ್ದರೆ ಬಹುಮಟ್ಟಿಗೆ ಟ್ರಾನ್ಸಿಸ್ಟರ್ ಸತ್ತಿದೆ. ಬೆಸುಗೆ ಬರುವವರು ಬದಲಿಸಬಹುದು. ಬಾರದವರು ಅದೇ ಬೋರ್ಡಿನ ಬೇರೆ ರಿಲೇಗೆ ವೈರು ವರ್ಗಾಯಿಸಿ ಮುಂದೆ ಸಾಗುವುದು ಲೇಸು.

ಆನ್ ಎಂದರೆ ಆಫ್, ಆಫ್ ಎಂದರೆ ಆನ್

ಇದು ದೋಷವೇ ಅಲ್ಲ. ಮೇಲೆ ಹೇಳಿದಂತೆ ಈ ಬೋರ್ಡುಗಳು ಪಿನ್ ಕೆಳಗಿಳಿದಾಗ ಆನ್ ಆಗುತ್ತವೆ. ಪ್ರೋಗ್ರಾಮಿನಲ್ಲಿ ಲೋ ಎಂದರೆ ಆನ್ ಎಂದು ಬರೆದುಕೊಳ್ಳಿ. ಎಲ್‌ಇಡಿ ಸರಿಯಾಗಿ ಹತ್ತಿ ಆರುತ್ತಿದ್ದು ದೀಪ ಮಾತ್ರ ಉಲ್ಟಾ ಆಗಿದ್ದರೆ ವೈರು ಎನ್‌ಒ (ರಿಲೇ ಆನ್ ಆದಾಗ ಕೂಡುವ ಟರ್ಮಿನಲ್) ಬದಲು ಎನ್‌ಸಿಯಲ್ಲಿ (ರಿಲೇ ಆಫ್ ಇದ್ದಾಗ ಕೂಡಿರುವುದು) ಕೂತಿದೆ. ನಡುವಿನದು ಸಾಮಾನ್ಯವಾಗಿ ಕಾಮನ್. ಆದರೂ ಊಹೆ ಬೇಡ: ಸಪ್ಲೈ ಇಲ್ಲದಾಗ ಕಾಮನ್ ಜೊತೆ ಬೀಪ್ ಎನ್ನುವುದು ಎನ್‌ಸಿ, ಎನ್ನದಿರುವುದು ಎನ್‌ಒ. ಮೋಟಾರಿಗೆ, ಹೀಟರಿಗೆ ಯಾವಾಗಲೂ ಎನ್‌ಒ. ಎನ್‌ಸಿಗೆ ಹಾಕಿದರೆ ಕಂಟ್ರೋಲರ್ ಸತ್ತ ದಿನ ಮೋಟಾರು ಓಡುತ್ತಲೇ ಇರುತ್ತದೆ.

ಕರೆಂಟು ಬಂದ ಕೂಡಲೇ ಒಮ್ಮೆ ‘ಟಕ್’

ಮೇಜಿನ ಮೇಲೆ ಇದೊಂದು ಚಿಕ್ಕ ತಮಾಷೆ. ಮಳೆಗಾಲದ ಸಂಜೆ ಕರೆಂಟು ಹೋಗಿ ಬಂದು, ಮತ್ತೆ ಹೋಗಿ ಬರುವ ಮನೆಯಲ್ಲಿ ಮೋಟಾರು ಪ್ರತಿ ಸಲವೂ ಒಂದು ಕ್ಷಣ ಗುರ್ ಎಂದು ನಿಂತರೆ ತಮಾಷೆ ಮುಗಿದಂತೆ. ಹಾಗೆ ತುಂಡುತುಂಡಾಗಿ ಸ್ಟಾರ್ಟ್ ಆದಷ್ಟೂ ಮೋಟಾರಿನ ಸುರುಳಿ ಬಿಸಿಯಾಗುತ್ತದೆ, ರಿಲೇಯ ಕಾಂಟ್ಯಾಕ್ಟ್ ಸವೆಯುತ್ತದೆ.

ಆರ್ಡುಯಿನೋ ಉನೋದಲ್ಲಿ ಕಾರಣ ಎರಡು ಸಾಲಿನ ಕ್ರಮದಲ್ಲಿದೆ. ಪಿನ್‌ಮೋಡ್ ಆಜ್ಞೆಯಿಂದ ಪಿನ್ನನ್ನು ಔಟ್‌ಪುಟ್ ಮಾಡಿದ ಕ್ಷಣ ಅದು ಲೋ ಆಗಿರುತ್ತದೆ, ಲೋ ಎಂದರೆ ಈ ಬೋರ್ಡಿಗೆ ಆನ್. ಡಿಜಿಟಲ್‌ರೈಟ್ ಆಜ್ಞೆಯಿಂದ ಹೈ ಎಂದು ಮೊದಲೇ ಬರೆದು, ನಂತರ ಪಿನ್‌ಮೋಡ್ ಕೊಟ್ಟರೆ ಆ ಸದ್ದು ನಿಲ್ಲುತ್ತದೆ.

ಇಎಸ್‌ಪಿ ಚಿಪ್ಪುಗಳಲ್ಲಿ ಮಾತು ಬೇರೆ. ಅಲ್ಲಿ ಕೆಲವು ಪಿನ್ನುಗಳನ್ನು ಚಿಪ್ ಎಚ್ಚರವಾಗುವಾಗ ತನ್ನ ಸ್ವಂತಕ್ಕೆ ಬಳಸಿಕೊಳ್ಳುತ್ತದೆ: 8266ರಲ್ಲಿ 0, 2, 15, ಇಎಸ್‌ಪಿ32ರಲ್ಲಿ 0, 2, 5, 12, 15. ಅಲ್ಲಿಗೆ ರಿಲೇ ಜೋಡಿಸಿದರೆ ಬೇಡದ ಸದ್ದು ಬರಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ರಿಲೇ ಬೋರ್ಡಿನ ಇನ್‌ಪುಟ್ ಸ್ವಭಾವತಃ ಪಿನ್ನನ್ನು ವಿಸಿಸಿಯ ಕಡೆ ಎಳೆಯುತ್ತದೆ. ಇಎಸ್‌ಪಿ32ರ 12ನೇ ಪಿನ್ನು ಎಚ್ಚರವಾಗುವ ಕ್ಷಣದಲ್ಲಿ ಮೇಲಿದ್ದರೆ ಚಿಪ್ ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಕೊಡಲು ಹೊರಟು, ಬೂಟ್ ಆಗದೆ ಕೂರುತ್ತದೆ. ರಿಲೇ ಕಿತ್ತರೆ ಬೂಟ್ ಆಗುತ್ತದೆ, ಕೂಡಿಸಿದರೆ ಆಗುವುದಿಲ್ಲ ಎಂಬ ದೂರಿನ ಹಿಂದೆ ಇದಿರುವುದುಂಟು. 8266ರಲ್ಲಿ ಡಿ1, ಡಿ2, ಇಎಸ್‌ಪಿ32ರಲ್ಲಿ 25, 26, 27, 32, 33 ನೆಮ್ಮದಿಯ ಪಿನ್ನುಗಳು.

ಆನ್ ಆಯಿತು, ಆಫ್ ಆಗುತ್ತಿಲ್ಲ

ಒಂದೇ ದೂರಿನ ಹಿಂದೆ ಎರಡು ಬೇರೆ ಕಾಯಿಲೆಗಳಿರುವುದರಿಂದ ಇಲ್ಲಿ ಎಲ್‌ಇಡಿ ನೋಡದೆ ಮುಂದುವರಿಯಬೇಡಿ.

ಆಫ್ ಮಾಡಿದ ಮೇಲೂ ಎಲ್‌ಇಡಿ ಮಂಕಾಗಿ ಉಳಿದರೆ ಅದು 3.3 ವೋಲ್ಟಿನ ಕಂಟ್ರೋಲರಿಗೂ 5 ವೋಲ್ಟಿನ ಬೋರ್ಡಿಗೂ ತಾಳೆಯಾಗದ ಲಕ್ಷಣ. ವಿಸಿಸಿಯಲ್ಲಿ 5, ಹೈ ಆದ ಪಿನ್ನಿನಲ್ಲಿ 3.3, ನಡುವೆ ಇನ್ನೂ 1.7 ವೋಲ್ಟ್ ಉಳಿಯಿತು. ಎರಡು ಎಲ್‌ಇಡಿ ಸಾಲಾಗಿರುವ ಬೋರ್ಡಿನಲ್ಲಿ ಅವೆರಡೂ ಹತ್ತಲು 3 ವೋಲ್ಟಿನಷ್ಟು ಬೇಕಾದ್ದರಿಂದ ಸಾಮಾನ್ಯವಾಗಿ ಬಚಾವ್. ಹೊರಗಿನ ಎಲ್‌ಇಡಿಯನ್ನು ಬೇರೆಡೆಗೆ ಕೂರಿಸಿದ ವಿನ್ಯಾಸಗಳಲ್ಲಿ ಆಪ್ಟೋಕಪ್ಲರಿಗೆ 1.2 ವೋಲ್ಟ್ ಸಾಕು, ಹಾಗಾಗಿ ಅದು ಪೂರ್ತಿ ಆರುವುದೇ ಇಲ್ಲ.

ಇದಕ್ಕೆ ಖರ್ಚಿಲ್ಲದ ಪರಿಹಾರ ಟೋಪಿ ತೆಗೆದು ವಿಸಿಸಿಗೆ 3.3, ಜೆಡಿ-ವಿಸಿಸಿಗೆ 5 ವೋಲ್ಟ್ ಕೊಡುವುದು. ಎಲ್ಲರೂ ಹೇಳುವುದೂ ಇದನ್ನೇ. ಆದರೆ ಎರಡು ಎಲ್‌ಇಡಿ ಸಾಲಾಗಿರುವ ಬೋರ್ಡಿನಲ್ಲಿ 3.3ರಿಂದ ಆ 3 ವೋಲ್ಟ್ ಕಳೆದರೆ ರೆಸಿಸ್ಟರಿಗೆ ಉಳಿಯುವುದು ಬರೀ 0.3 ವೋಲ್ಟ್, ಹರಿಯುವುದು ಮಿಲಿಆಂಪಿಯರಿನ ಮೂರನೇ ಒಂದು ಭಾಗ. ಕೆಲವು ಬೋರ್ಡ್ ಅಷ್ಟಕ್ಕೇ ಎದ್ದು ನಿಲ್ಲುತ್ತವೆ, ಕೆಲವು ಚಳಿಗಾಲದ ಬೆಳಗ್ಗೆ ಮುಷ್ಕರ ಹೂಡುತ್ತವೆ. ನನ್ನ ಮತ ಒಂದು ಬಿಸಿ547 ಟ್ರಾನ್ಸಿಸ್ಟರಿನ ಪರ. ಅದರ ಮೂರು ಕಾಲುಗಳಲ್ಲಿ ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಐಎನ್ ಪಿನ್ನಿಗೆ, ಬೇಸಿಗೆ 4.7 ಕಿಲೋಓಮ್ ಮೂಲಕ ಕಂಟ್ರೋಲರ್, ಕಂಟ್ರೋಲರ್ ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್. ಈ ಜೋಡಣೆಯಲ್ಲಿ ಟೋಪಿ ಇದ್ದ ಹಾಗೆಯೇ ಇರಲಿ, ವಿಸಿಸಿ 5 ವೋಲ್ಟೇ ಇರಲಿ, ಗ್ರೌಂಡ್‌ಗಳು ಕೂಡಿರಲಿ. ಹೈ ಎಂದರೆ ಆನ್ ಎಂಬ ನೇರ ಲೆಕ್ಕ ಸಿಗುತ್ತದೆ, 5 ವೋಲ್ಟ್ ಚಿಪ್ಪಿನ ಕಡೆ ಸುಳಿಯುವುದಿಲ್ಲ. ಚಿಪ್ ಏಳುವ ಮೊದಲು ರಿಲೇ ತಾನಾಗಿ ಆಫ್ ಇರುವುದರಿಂದ ಹಿಂದಿನ ಲಕ್ಷಣಕ್ಕೂ ಇದೇ ಮದ್ದು. ಖರ್ಚು ಕೆಲವು ರೂಪಾಯಿ.

ಎರಡನೇ ಕಾಯಿಲೆ ಭಾರಿಯದು. ಎಲ್‌ಇಡಿ ಪೂರ್ತಿ ಆರಿದೆ, ಮೋಟಾರು ಓಡುತ್ತಲೇ ಇದೆ. ಒಳಗಿನ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡಿವೆ. ಎಂಸಿಬಿ ಇಳಿಸಿ, ವೈರು ಬಿಚ್ಚಿ, ಬೋರ್ಡಿಗೆ ಸಪ್ಲೈ ಇಲ್ಲದೆ ಕಾಮನ್ ಮತ್ತು ಎನ್‌ಒ ನಡುವೆ ಬೀಪ್ ಪರೀಕ್ಷೆ ಮಾಡಿ. ಬೀಪ್ ಬಂದರೆ ರೋಗ ಖಚಿತ. ಸ್ಕ್ರೂಡ್ರೈವರ್ ಹಿಡಿಯಿಂದ ಡಬ್ಬಿಗೆ ಕುಟ್ಟಿದರೆ ಬಿಟ್ಟುಕೊಳ್ಳುವುದೂ ಉಂಟು. ಆ ವೈದ್ಯ ಬೇಡ. ಒಮ್ಮೆ ಬೆಸೆದ ಮೇಲ್ಮೈ ಒರಟಾಗಿರುತ್ತದೆ, ಮತ್ತೆ ಬೆಸೆಯುತ್ತದೆ, ಅದೂ ನೀವು ಊರಲ್ಲಿಲ್ಲದಾಗ.

ಡಬ್ಬಿಯ ಮೇಲೆ 10 ಆಂಪಿಯರ್ 250 ವೋಲ್ಟ್ ಎಂದಿದೆಯಲ್ಲ ಎನ್ನಬಹುದು. ಆ ಅಂಕಿ ಬಲ್ಬು, ಹೀಟರಿನಂಥ ಸರಳ ಲೋಡಿನದು. 1 ಎಚ್‌ಪಿ ಮೋಟಾರು ಓಡುವಾಗ 5ರಿಂದ 7 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಮೂವತ್ತು ಆಂಪಿಯರ್ ದಾಟುವ ಆ ಹೊಡೆತವನ್ನು ಈ ಪುಟ್ಟ ಕಾಂಟ್ಯಾಕ್ಟ್ ತಾಳುವುದಿಲ್ಲ. ಸಂಪಿನ ಮೋಟಾರಿಗೆ ನಡುವೆ ಕಾಂಟ್ಯಾಕ್ಟರ್, ಅಂದರೆ ಭಾರಿ ಕರೆಂಟಿಗೆಂದೇ ಮಾಡಿದ ದೊಡ್ಡ ರಿಲೇ ಇರಲೇಬೇಕು. ನಿಮ್ಮ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಆಡಿಸಲಿ, ಮೋಟಾರಿನ ಭಾರ ಕಾಂಟ್ಯಾಕ್ಟರ್ ಹೊರಲಿ. 2000 ವಾಟಿನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ. ಅಂಕಿಯ ಪ್ರಕಾರ ಒಳಗೇ ಇದ್ದರೂ ಈ ಬೋರ್ಡಿನ ತೆಳು ತಾಮ್ರದ ದಾರಿಯಲ್ಲಿ ಅಷ್ಟನ್ನು ಗಂಟೆಗಟ್ಟಲೆ ಹರಿಸುವುದು ವಿವೇಕವಲ್ಲ.

ಒಂದು ರಿಲೇ ಸರಿ, ಮೂರ್ನಾಲ್ಕು ಸೇರಿದರೆ ಕಂಟ್ರೋಲರ್ ರೀಸೆಟ್

ಲೆಕ್ಕ ಹಾಕಿ: ಒಂದಕ್ಕೆ 70 ಮಿಲಿಆಂಪಿಯರಿನಂತೆ ಎಂಟಕ್ಕೆ 560. ಉನೋದ ಯುಎಸ್‌ಬಿ ದಾರಿಯಲ್ಲಿರುವ ಫ್ಯೂಸ್ 500 ಮಿಲಿಆಂಪಿಯರಿನದು. 12 ವೋಲ್ಟಿನ ಅಡಾಪ್ಟರನ್ನು ಉನೋಗೆ ಚುಚ್ಚಿ ಅದರ 5 ವೋಲ್ಟ್ ಪಿನ್ನಿನಿಂದ ರಿಲೇ ನಡೆಸುವುದು ಇನ್ನೂ ಕೆಟ್ಟದ್ದು. ನಾಲ್ಕು ರಿಲೇ ಆನ್ ಆದರೆ ಆ ರೆಗ್ಯುಲೇಟರ್ ಚಿಪ್ ಮೇಲೆ 2 ವಾಟ್ ಬಿಸಿ ಸುರಿಯುತ್ತದೆ. ಬೆರಳಿಡಲು ಆಗದಷ್ಟು ಕಾದು ತಾನೇ ನಿಂತುಬಿಡುತ್ತದೆ. ಇಎಸ್‌ಪಿ32 ಆದರೆ ಸೀರಿಯಲ್ ಮಾನಿಟರಿನಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಕುಸಿದಿದೆ) ಎಂಬ ಸಂದೇಶ ಕಾಣುತ್ತದೆ. ಅದನ್ನು ಪ್ರೋಗ್ರಾಮಿನಿಂದ ಅಡಗಿಸುವ ಉಪಾಯಗಳಿವೆ. ಜ್ವರ ಬಂದಾಗ ಥರ್ಮಾಮೀಟರ್ ಮುರಿಯುವ ಆ ಕೆಲಸಕ್ಕೆ ಹೋಗಬೇಡಿ.

ರಿಲೇಗಳಿಗೆ ಪ್ರತ್ಯೇಕ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಡಿ. ಟೋಪಿ ತೆಗೆದು ಅಡಾಪ್ಟರಿನ ಪ್ಲಸ್ಸನ್ನು ಜೆಡಿ-ವಿಸಿಸಿಗೆ, ಮೈನಸ್ಸನ್ನು ಅದರ ಪಕ್ಕದ ಗ್ರೌಂಡಿಗೆ ಕೊಟ್ಟು, ವಿಸಿಸಿಯನ್ನು ಕಂಟ್ರೋಲರಿನಿಂದ ಎಳೆಯಿರಿ. ಮೊದಲು ಹೇಳಿದ ಅಪವಾದ ಇದೇ: ಹೀಗೆ ಜೋಡಿಸಿ ಟ್ರಾನ್ಸಿಸ್ಟರ್ ಇಲ್ಲದೆ ನೇರವಾಗಿ ಐಎನ್ ಪಿನ್ನನ್ನು ಆಡಿಸುವಾಗ ಗ್ರೌಂಡ್‌ಗಳನ್ನು ಕೂಡಿಸಬೇಕಿಲ್ಲ, ಆಪ್ಟೋಕಪ್ಲರ್ ಇರುವುದೇ ಅದಕ್ಕೆ. ಟೋಪಿ ಹಾಗೆಯೇ ಇದ್ದರೆ ಮಾತ್ರ ಕೂಡಿಸಲೇಬೇಕು. ಅಡಾಪ್ಟರ್ ಇದ್ದೂ ರೀಸೆಟ್ ಆಗುತ್ತಿದ್ದರೆ ಎಲ್ಲ ರಿಲೇ ಆನ್ ಆಗಿರುವಾಗ ಬೋರ್ಡಿನ ಮೇಲೆ ವೋಲ್ಟೇಜ್ ನೋಡಿ. 4.5ಕ್ಕಿಂತ ಕೆಳಗಿಳಿದರೆ ವೈರು ತೆಳು ಅಥವಾ ಅಡಾಪ್ಟರ್ ಬರೀ ಹೆಸರಿಗೆ 2 ಆಂಪಿಯರಿನದು.

ಬರಿ ರಿಲೇ ಸರಿ, ಮೋಟಾರು ಜೋಡಿಸಿದರೆ ಅಡ್ಡಾದಿಡ್ಡಿ

ಮೇಜಿನ ಪರೀಕ್ಷೆಯೆಲ್ಲ ಮುಗಿದ ಮೇಲೆ, ಎಂಸಿಬಿ ಇಳಿಸಿಕೊಂಡು, ಮೋಟಾರಿನ ಜಾಗದಲ್ಲಿ 60 ವಾಟಿನ ಹಳೆಯ ಫಿಲಮೆಂಟ್ ಬಲ್ಬ್ ಹಾಕಿ ನೋಡಿ. ಬಲ್ಬಿನೊಂದಿಗೆ ಗಂಟೆಗಟ್ಟಲೆ ತಪ್ಪಿಲ್ಲದೆ ನಡೆದು, ಮೋಟಾರು ಅಥವಾ ಕಾಂಟ್ಯಾಕ್ಟರ್ ಆಫ್ ಆಗುವ ಕ್ಷಣದಲ್ಲಿ ಕಂಟ್ರೋಲರ್ ಹ್ಯಾಂಗ್ ಆದರೆ ಕಾರಣ ಸುರುಳಿಯ ಕರೆಂಟು ಕಡಿದಾಗ ಹುಟ್ಟುವ ಕಿಡಿ. ಕಾಂಟ್ಯಾಕ್ಟರಿನ ಎ1, ಎ2 ಎಂಬ ಕಾಯಿಲ್ ಟರ್ಮಿನಲ್‌ಗಳಿಗೆ ಅಡ್ಡವಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 100 ಓಮ್ ರೆಸಿಸ್ಟರ್ ಸಾಲಾಗಿ ಹಾಕಿದ ಸ್ನಬರ್ ಕೂರಿಸಿ. ಕೆಪಾಸಿಟರ್ ಎಕ್ಸ್2 ದರ್ಜೆಯದೇ ಆಗಬೇಕು, ಸಾಮಾನ್ಯ ಕೆಪಾಸಿಟರ್ ಮೇನ್ಸ್ ಮೇಲೆ ಸಿಡಿಯಬಹುದು. ಜೊತೆಗೆ ಸಿಗ್ನಲ್ ವೈರುಗಳನ್ನು 230 ವೋಲ್ಟಿನ ವೈರಿನೊಂದಿಗೆ ಒಂದೇ ಪೈಪಿನಲ್ಲಿ ತುರುಕಬೇಡಿ. ಎಷ್ಟೋ ಕಡೆ ಸ್ನಬರೂ ಬೇಕಾಗುವುದಿಲ್ಲ, ಪೈಪ್ ಬೇರೆ ಮಾಡಿದರೇ ಸಾಕಾಗುತ್ತದೆ. ಡಿಸಿ ಸೊಲೆನಾಯ್ಡ್ ವಾಲ್ವ್ ಆದರೆ 1ಎನ್4007 ಡಯೋಡ್ ಅಡ್ಡ ಹಾಕಿ, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ.

ಆಫ್ ಆದ ಎಲ್‌ಇಡಿ ಬಲ್ಬ್ ಮಿಣುಕುತ್ತದೆ

ಮೊದಲ ಅನುಮಾನ: ರಿಲೇ ಫೇಸ್ ಬದಲು ನ್ಯೂಟ್ರಲನ್ನು ಕಡಿಯುತ್ತಿದೆ. ಬಲ್ಬ್ ಆರಿದರೂ ಹೋಲ್ಡರಿನಲ್ಲಿ ಫೇಸ್ ಜೀವಂತವಾಗಿರುತ್ತದೆ, ಬಲ್ಬ್ ಬದಲಿಸುವವರಿಗೆ ಅದು ಅಪಾಯ. ಎಂಸಿಬಿ ಇಳಿಸಿ ವೈರು ಅದಲುಬದಲು ಮಾಡಿಸಿ. ಫೇಸೇ ಕಡಿಯುತ್ತಿದ್ದರೆ ರಿಲೇ ಕಾಂಟ್ಯಾಕ್ಟಿಗೆ ಅಡ್ಡವಾಗಿ ಯಾರಾದರೂ ಸ್ನಬರ್ ಹಾಕಿದ್ದಾರೆಯೇ ನೋಡಿ, 0.1 ಮೈಕ್ರೋಫ್ಯಾರಡ್ ಮೂಲಕ 230 ವೋಲ್ಟಿನಲ್ಲಿ 7 ಮಿಲಿಆಂಪಿಯರ್ ಸೋರುತ್ತದೆ, ಎಲ್‌ಇಡಿ ಬಲ್ಬಿಗೆ ಅಷ್ಟೇ ಸಾಕು. ‘ಟಕ್’ ಎನ್ನದ ಸಾಲಿಡ್ ಸ್ಟೇಟ್ ರಿಲೇಗಳಲ್ಲಿ ಸ್ವಲ್ಪ ಸೋರಿಕೆ ಹುಟ್ಟುಗುಣ.

ಸುಟ್ಟ ವಾಸನೆ, ಕಂದು ಕಲೆ, ಜುಮ್ಮೆನ್ನುವ ಪೆಟ್ಟಿಗೆ

ಇಲ್ಲಿ ನಿಮ್ಮ ಪರೀಕ್ಷೆ ನಿಲ್ಲಬೇಕು. ಎಂಸಿಬಿ ಇಳಿಸಿ, ಮತ್ತೆ ಏರಿಸಬೇಡಿ. ಟರ್ಮಿನಲ್ ಸುತ್ತ ಕಂದು ಕಲೆ ಇದ್ದರೆ ಸ್ಕ್ರೂ ಸಡಿಲವಿತ್ತು, ಅಥವಾ ಎಳೆ ವೈರಿನ ತುದಿಗೆ ಬೆಸುಗೆಯ ಸೀಸ ಹಚ್ಚಿ ಬಿಗಿದಿದ್ದರು. ಸೀಸ ದಿನ ಕಳೆದಂತೆ ಹಿಸುಕಿಕೊಂಡು ಹಿಡಿತ ಬಿಡುತ್ತದೆ. ತುದಿಗೆ ಲಗ್ ಒತ್ತಿಸಿ ಬಿಗಿಯುವುದೇ ಸರಿ. ಕಲೆಯಾದ ಬೋರ್ಡನ್ನು ಕೆರೆದು ಮತ್ತೆ ಬಳಸಬೇಡಿ, ಕರಿಕಲಾದ ಜಾಗವೇ ಕರೆಂಟಿಗೆ ದಾರಿಯಾಗುತ್ತದೆ. ಸಂಪಿನ ಹತ್ತಿರದ ಪೆಟ್ಟಿಗೆಯಾದರೆ ವೈರು ಬರುವ ರಂಧ್ರಗಳನ್ನು ಮುಚ್ಚಿಸಿ. ಮಳೆಯ ತೇವ ಒಂದು ಕಡೆ, ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ ಇನ್ನೊಂದು ಕಡೆ.

ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ರಕ್ಷಣಾ ಸ್ವಿಚ್) ಬೀಳುತ್ತಿದ್ದರೆ ಅದನ್ನು ಬಳಸಿಹೋಗುವ ವೈರು ಹಾಕುವುದು ಪ್ರಾಣಕ್ಕೆ ಎರವು. 30 ಮಿಲಿಆಂಪಿಯರ್ ಎಲ್ಲೋ ಭೂಮಿಗೆ ಸೋರುತ್ತಿದೆ ಎಂದೇ ಅದು ಬೀಳುತ್ತಿರುವುದು, ಹೆಚ್ಚಾಗಿ ನೀರೊಳಗಿನ ಮೋಟಾರಿನಲ್ಲಿ ಅಥವಾ ಅದರ ಕೇಬಲ್ ಜೋಡಣೆಯಲ್ಲಿ. ಮನೆಯ ಫ್ರಿಜ್ಜು, ನಲ್ಲಿ ಎಲ್ಲವೂ ಜುಮ್ಮೆನ್ನುತ್ತಿದ್ದರೆ ರಿಲೇ ಬೋರ್ಡನ್ನು ಬೈಯಬೇಡಿ. ಅದು ಅರ್ತಿಂಗ್ ಅಥವಾ ನ್ಯೂಟ್ರಲಿನ ವಿಷಯ. ಮನೆಯ ಕರೆಂಟ್ ಮೀಟರಿನಿಂದ ಆಚೆಗಿನದಾದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಎಲೆಕ್ಟ್ರಿಷಿಯನ್ ಬಂದಾಗ ಆಪ್ಟೋಕಪ್ಲರಿನ ಕತೆ ಹೇಳಿದರೆ ಇಬ್ಬರಿಗೂ ಹೊತ್ತು ಹಾಳು. ಅವರ ಲೆಕ್ಕದಲ್ಲಿ ನಿಮ್ಮ ರಿಲೇ ಒಂದು ಸ್ವಿಚ್ ಅಷ್ಟೇ. ಹೀಗೆ ಹೇಳಿ ಸಾಕು: ‘ಮೋಟಾರಿಗೆ 230 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಪ್ರತ್ಯೇಕ ಎಂಸಿಬಿ ಹಾಕಿಕೊಡಿ ಅಣ್ಣ. ಕಾಯಿಲಿನ ಫೇಸನ್ನು ಈ ಎರಡು ಸ್ಕ್ರೂಗಳ ಮೂಲಕ ಹಾಯಿಸಿ.’ ಹಾಗೆಯೇ ಕೈಯಿಂದ ಮೋಟಾರು ನಡೆಸಲು ಆಟೋ, ಮ್ಯಾನುಯಲ್ ಎಂಬ ಎರಡು ಸ್ಥಾನದ ಸ್ವಿಚ್ಚನ್ನೂ ಅವರಿಂದಲೇ ಹಾಕಿಸಿಕೊಳ್ಳಿ. ನೀವು ಬೋರ್ಡನ್ನು ಮೇಜಿನ ಮೇಲಿಟ್ಟುಕೊಂಡು ದೋಷ ಹುಡುಕುತ್ತಿರುವ ದಿನಗಳಲ್ಲೂ ಮನೆಯವರಿಗೆ ನೀರು ಬೇಕಾಗುತ್ತದೆ.